ನೂರಾ ಹನ್ನೆರಡನೇ ಮೀಟರು

ಹಟ್ಟಿಯ ಕೋರ್ ಶೆಡ್ಡಿನಲ್ಲಿ ಕಲ್ಲು
ತಗಡಿನ ಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿರುತ್ತದೆ,
ಹೆರಿಗೆ ವಾರ್ಡಿನ ಕೂಸುಗಳ ಹಾಗೆ
ಪ್ರತಿಯೊಂದರ ತಲೆಯ ಹತ್ತಿರ ಒಂದು ಚೀಟಿ:
ಎಷ್ಟನೇ ಬೋರು, ಎಷ್ಟು ಆಳ, ಯಾವ ಪಾಳಿ.
ಇಪ್ಪತ್ತೆರಡು ವರ್ಷ ಅವನ್ನು ನೆಲದಿಂದ ಎತ್ತಿದ್ದು ನಾನು.
ತೊಳೆದು ಮಲಗಿಸಿದ್ದು ಹುಲಿಗೆಮ್ಮ.

ಒಣಗಿದ ಕಲ್ಲು ಬಾಯಿ ಬಿಡುವುದಿಲ್ಲ.
ಅಂಗೈ ಒದ್ದೆ ಮಾಡಿ ಒಮ್ಮೆ ಸವರಬೇಕು;
ಆಗ ಬಿಳಿಗಲ್ಲಿನ ಎಳೆ ಕಾಣುತ್ತದೆ, ಅದರೊಳಗೆ,
ಪುಣ್ಯವಿದ್ದರೆ, ಸಾಸಿವೆಯ ಕಾಲುಭಾಗದಷ್ಟು ಹಳದಿ.
ಈ ಸವರುವುದನ್ನು ನನ್ನ ಕೈಗೆ ಯಾರೂ ಕಲಿಸಲಿಲ್ಲ.

ಹಿಮದ ಖಂಡಕ್ಕೆ ಡ್ರಿಲ್ಲರ್ ಬೇಕು, ಒಂದು ಬೇಸಿಗೆಗೆ
ಅಂತ ಪತ್ರ ಬಂದಾಗ ಮೇಸ್ತ್ರಿ ಯಂಕೋಬ ನಕ್ಕ:
"ಲಾಳೇಸಾಬ, ಅಲ್ಲಿ ಬ್ಯಾಸಗಿ ಅಂದ್ರ ಏನಲೇ,
ಫ್ರಿಜ್ಜಿನ ಬಾಗಲಾ ತಗದಂಗೇನು?"
ಹಾಗೇ ಇತ್ತು.
ಸೂರ್ಯ ಮುಳುಗದೆ ಸುತ್ತು ಹಾಕುತ್ತಿದ್ದ, ಗಾಣದ ಎತ್ತು.
ನಮಾಜಿನ ಹೊತ್ತನ್ನು ಕೈಗಡಿಯಾರದಿಂದ ಕೇಳಿಕೊಂಡೆ.

ಇಲ್ಲಿ ಬಿಟ್ಟು ಬಿಸಿಯಾದೀತೆಂದು ನೀರು ಬಿಡುತ್ತೇವೆ.
ಅಲ್ಲಿ ನೀರಿನ ಹನಿಯೇ ಆಗಬಾರದು.
ಕೊಬ್ಬರಿ ತುರಿಯಂಥ ಪುಡಿ ಸುರುಳಿಯಾಗಿ ಮೇಲೇರಿ,
ಅದರ ಹಿಂದೆ ತುಂಡು, ತೋಳಿನುದ್ದ, ಹಾಲುಬಣ್ಣ.
"ನಾಕುನೂರು ವರ್ಷದ ಹಿಂದಿನ ಗಾಳಿ ಇದರಲ್ಲಿದೆ, ಲಾಳೇಸಾಬ್,"
ಅಂದರು ಕಾಮತ್ ಮೇಡಂ, ನೂರಾ ಹನ್ನೆರಡನೇ ಮೀಟರಿನಲ್ಲಿ.
ಆಗ ರಾಯಚೂರು ಕೋಟೆ ಯಾರ ಕೈಲಿತ್ತೋ
ಅಂತ ಯೋಚಿಸುತ್ತಿದ್ದೆ.
ಕೈಗವಸು ಯಾವಾಗ ಕಳಚಿದೆನೋ,
ಬಾಯಿಯ ಹಬೆಗೆ ಅಂಗೈ ಯಾವಾಗ ಹಿಡಿದೆನೋ,
ಯಾವಾಗ ಸವರಿದೆನೋ.

ಕರಗಿದ್ದು ಒಂದು ಅಂಗೈ ಅಗಲ.
ಅದೂ ಮರುಗಳಿಗೆ ಗಾಜಾಗಿ ಗಟ್ಟಿಯಾಯಿತು.
ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಪೆನ್ನಿನ ಮಸಿ ಆ ಚಳಿಗೆ ಇಳಿಯುವುದಿಲ್ಲ,
ಪೆನ್ಸಿಲು ತೆಗೆದು ವಹಿಯಲ್ಲಿ ಬರೆದರು:
೧೧೨.೪೦ರಿಂದ ೧೧೨.೫೫. ಕೈ ತಾಗಿದೆ. ಬಳಸಬಾರದು.

ಬಳಸಬಾರದ ತುಂಡನ್ನು ರಾತ್ರಿ (ರಾತ್ರಿ ಅನ್ನೋಣ)
ಡೇರೆಯೊಳಗೆ ಸ್ಟೀಲ್ ಲೋಟಕ್ಕೆ ಹಾಕಿ ನೀರು ಸುರಿದರು.
ಚಟ್.
ಚಟಚಟ. ಚಟ್.
ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಬಿಡುಗಡೆಯಾಗುತ್ತಿತ್ತು.
ಎಲ್ಲರೂ ಸರದಿಯಲ್ಲಿ ಕಿವಿ ಬಗ್ಗಿಸಿದರು.
ನಾನು ಮೊಬೈಲಿನಲ್ಲಿ ಹಿಡಿದುಕೊಂಡೆ.

ಏಪ್ರಿಲ್, ಹಟ್ಟಿ, ನಲವತ್ತಮೂರು ಡಿಗ್ರಿ.
ಶೆಡ್ಡಿನ ತಗಡೂ ಆಗಾಗ ಚಟ್ ಅನ್ನುತ್ತಿತ್ತು.
ಹುಲಿಗೆಮ್ಮ ಒದ್ದೆ ಕೈ ಸೆರಗಿಗೆ ಒರೆಸಿ
ಮೊಬೈಲನ್ನು ಕಿವಿಗೊತ್ತಿಕೊಂಡಳು.
"ಇದೇನ್ರಿ, ಜ್ವಾಳದ ಅರಳು ಹುರದಂಗ ಐತಿ."
ಕೊನೆಯ ಅರಳು ಸಿಡಿಯುವವರೆಗೂ ಕೇಳಿದಳು,
ಮತ್ತೆ ಮೊದಲಿಂದ.
"ಆ ವರ್ಷ ನಮ್ಮ ಕಡಿ ಮಳಿ ಆಗಿತ್ತಂತೇನು?
ಕೇಳಿದ್ರೇನು ಅವರನ್ನ?"
ಕೇಳಿರಲಿಲ್ಲ.

ಮರುದಿನ ಲಿಂಗಸುಗೂರಿನ ಐಸ್ ಕಾರ್ಖಾನೆಯಿಂದ
ಭತ್ತದ ಹೊಟ್ಟು ಮೆತ್ತಿದ ಒಂದು ಗಡ್ಡೆ ತಂದೆ,
ಸ್ಕೂಟರಿನಲ್ಲಿ, ಕಾಲ ನಡುವೆ ಗೋಣಿಚೀಲ.
ಹಟ್ಟಿ ಮುಟ್ಟುವಷ್ಟರಲ್ಲಿ ಪ್ಯಾಂಟು ತೊಯ್ದು, ಅರ್ಧ ಉಳಿದಿತ್ತು.
ತೊಳೆದು ಲೋಟಕ್ಕೆ ಹಾಕಿದೆವು.
ಒಮ್ಮೆ ಸೀಳಿತು, ಸುಮ್ಮನಾಯಿತು.
"ಇದರಾಗ ಯಾರೂ ಇಲ್ಲ," ಅಂದಳು ಹುಲಿಗೆಮ್ಮ,
ಎತ್ತಿ ಕುಡಿದಳು.

ಎರಡನೇ ಪಾಳಿಯ ಪೆಟ್ಟಿಗೆ ಬಂತು, ಗಣಿಯ ಬಿಸಿ ಆರದ ಕಲ್ಲು.
ಅಂಗೈ ಒದ್ದೆ ಮಾಡಿದೆ.
ಕೈ ಕಲ್ಲಿನ ಮೇಲೆ, ಒಂದು ಗೇಣು ಎತ್ತರದಲ್ಲಿ,
ಅಲ್ಲೇ ನಿಂತುಬಿಟ್ಟಿತು.
ಹನಿಗಳು ತಗಡಿಗೆ ಬಿದ್ದವು.
"ಸವರ್ರಿ," ಅಂದಳು, ಚೀಟಿ ಬರೆಯುತ್ತಲೇ,
"ಕಲ್ಲೈತಿ ಅದು."