ಮೂರಿಂಚಿನ ಮೊಳೆ

ಶುಭ ಶುಕ್ರವಾರವೂ ಅಂಗಡಿಗೆ ವಾರವೇ.
ಮಂಡಿಪೇಟೆಯಲ್ಲಿ ಶಟರು ಎತ್ತುವಾಗ
ಕಬ್ಬಿಣ ಆಗಲೇ ಕಾದಿತ್ತು.
"ಹನ್ನೆರಡಕ್ಕೆ ಹೋಗಪ್ಪಾ, ನಿಮ್ಮ ದೇವರು ಸತ್ತ ದಿನ"
ಅಂದರು ಸಾಹುಕಾರ ಹಾಲಪ್ಪನವರು,
ಸಾವಿನ ಮನೆಗೆ ಕಳಿಸಿಕೊಡುವವರ ದನಿಯಲ್ಲಿ.
ಕುಹಕ ಇರಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ
ಹರಿಹರದ ಬಡಗಿಯೊಬ್ಬ ಬಂದ: ಮೂರಿಂಚು, ಎರಡು ಕಿಲೋ.
ತೂಗಿದೆ.
ಇಪ್ಪತ್ತೆರಡು ವರ್ಷದಿಂದ ತೂಗುತ್ತಿದ್ದೇನೆ.
ಕಿರುಬೆರಳು ತಟ್ಟೆಯ ಅಂಚಿಗೆ ತಾಗಿರುತ್ತದೆ,
ತಾಗಿದೆಯೋ ಇಲ್ಲವೋ ಎಂಬಷ್ಟು.
ನಾಲ್ಕು ಮೊಳೆ ಉಳಿಯುತ್ತವೆ.
ಸಾಹುಕಾರರು ಹೇಳಿಕೊಟ್ಟದ್ದಲ್ಲ. ಬೇಡ ಅಂದದ್ದೂ ಇಲ್ಲ.

ಮೊಳೆ ತೂಗಿದ ಕೈಯಲ್ಲೇ ಆರಾಧನೆಗೆ ಹೊರಟವನು
ಈ ಊರಲ್ಲಿ ನಾನೊಬ್ಬನೇ ಇರಬೇಕು
ಎಂದು ಸೈಕಲ್ಲು ತುಳಿಯುತ್ತ ನಗು ಬಂತು.
ಅಂದು ಅಲ್ಲಿ, ಆ ಗುಡ್ಡದ ಕೆಳಗಿನ ಪೇಟೆಯಲ್ಲೂ
ಯಾರೋ ಒಬ್ಬ ತೂಗಿ ಕೊಟ್ಟಿರಬೇಕಲ್ಲ?
ಅವನ ಹೆಸರನ್ನು ಮತ್ತಾಯನೂ ಬರೆಯಲಿಲ್ಲ, ಲೂಕನೂ.
ಅವನು ರಾತ್ರಿ ಉಂಡು ಮಲಗಿರುತ್ತಾನೆ.

ಅಶೋಕ ರಸ್ತೆಯ ಗೇಟು ಬಿದ್ದಿತ್ತು.
ಒಂದು ಗೂಡ್ಸು, ಅದರ ಹಿಂದೆ ಇನ್ನೊಂದಂತೆ.
ಮಂಡಕ್ಕಿ ಚೀಲ ಹೇರಿದ ಆಟೋ,
ಸಿಟಿ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ನಿದ್ದೆಹೋದ ನರ್ಸು.
ಡಾಂಬರು ಮೆತ್ತಗಾಗಿ ಚಪ್ಪಲಿ ಹಿಡಿಯುತ್ತಿತ್ತು.
ಚರ್ಚಿನಲ್ಲಿ ಅಯ್ಯನವರು ಮೊದಲ ನುಡಿ ಮುಗಿಸಿ
ನೀರು ಕುಡಿದಿರಬೇಕು.

"ಮಜ್ಜಿಗೇ" ಎಂಬ ಕೂಗು.
ತಿರುಗಿದರೆ ತಿಪ್ಪೇಶ.
ಆರು ವರ್ಷದ ಹಿಂದೆ ನಮ್ಮಂಗಡಿಯ ಹುಡುಗ.
ಒಂದು ಪೊಟ್ಟಣ ತಿರುಪುಮೊಳೆ, ನಲವತ್ತು ರೂಪಾಯಿಯದು,
ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತ್ತು.
"ಹೌದ್ರೀ, ತಗಂಡೆ" ಅಂದಿದ್ದ, ಅಷ್ಟೇ.
ಆ ಜೇಬಿಗೆ ಕೈ ಹಾಕಿ ಎಲ್ಲರೆದುರು ತೆಗೆದವನು ನಾನು,
ಇದೇ ಕೈ.

ಲೋಟ ಕೊಟ್ಟ. ಹಸಿಶುಂಠಿ, ಕೊತ್ತಂಬರಿ,
ಒದ್ದೆ ಮಡಕೆಯ ವಾಸನೆ.
ಉಪವಾಸ ಅಂತ ನೆನಪಾದದ್ದು ಅರ್ಧ ಕುಡಿದ ಮೇಲೆ.
ಐವತ್ತರ ನೋಟಿಗೆ ನಾಲ್ಕು ಹತ್ತು
ಒಂದೊಂದಾಗಿ ಅಂಗೈಗೆ ಇಟ್ಟು
"ಎಣಿಸ್ಕಳ್ರೀ ಅಣ್ಣಾರೆ" ಅಂದ.
ಚುಚ್ಚಿದನೋ, ವ್ಯಾಪಾರದ ರೂಢಿಯೋ, ತಿಳಿಯಲಿಲ್ಲ.
ಎಣಿಸಿದೆ.
ಸರಿಯಿತ್ತು.

ಆಚೆ ಒಬ್ಬ, ಈಚೆ ಒಬ್ಬ, ಕಳ್ಳರು ಇಬ್ಬರು.
ಒಬ್ಬ ಹಂಗಿಸಿದ, ಒಬ್ಬ ಒಪ್ಪಿಕೊಂಡ:
ಭಾನುವಾರದ ಶಾಲೆಯಿಂದಲೂ ಕಂಠಪಾಠ.
ಮೂರನೆಯವನೊಬ್ಬ ಇದ್ದ ಎಂದು ಯಾರೂ ಹೇಳಿರಲಿಲ್ಲ,
ಜನರ ನಡುವೆ, ಇಸ್ತ್ರಿ ಅಂಗಿ ತೊಟ್ಟು,
ಕತ್ತೆತ್ತಿ ನೋಡುತ್ತ ನಿಂತವನು,
ಸಿಕ್ಕಿಬೀಳದವನು.

ಹೇಳೋಣವೆಂದು ಬಾಯಿ ತೆರೆದೆ.
ಗೇಟು ಎದ್ದಿತು. ಊರಿಗೆ ಊರೇ ಹಾರನ್ನು ಒತ್ತಿತು.
"ನಡೀರಿ ಮುಂದೆ" ಎಂದ ಆಟೋದವ.
ನಡೆದೆ.

ಚರ್ಚು ತಲುಪಿದಾಗ ಆರನೆಯ ನುಡಿ: ತೀರಿತು.
ಆಚೆ ಸಾಲಿನಿಂದ ಹೆಂಡತಿ ಜೀವರತ್ನ
ಮೀಸೆ ಒರೆಸಿಕೋ ಎಂದು ಸನ್ನೆ ಮಾಡಿದಳು.
ಒರೆಸಿಕೊಂಡೆ. ಏನೂ ತೀರಿರಲಿಲ್ಲ.

ಶನಿವಾರದ ಬಗ್ಗೆ ಸುವಾರ್ತೆಯಲ್ಲಿ ಹೆಚ್ಚೇನೂ ಇಲ್ಲ.
ವಿಶ್ರಮಿಸಿಕೊಂಡರು ಎಂದು ಅರ್ಧ ಸಾಲು.
ನನಗೆ ಮತ್ತೆ ಶಟರು, ಕಬ್ಬಿಣ, ಗಿರಾಕಿ.
ಮಂಚದ ಕಾಲು ಅಲ್ಲಾಡುತ್ತದೆಂದು
ಮುದುಕಿಯೊಬ್ಬಳು ಕಾಲು ಕಿಲೋ ಕೇಳಿದಳು.
ಸುರಿದೆ. ಕಿರುಬೆರಳನ್ನು ಎಲ್ಲಿಡಬೇಕೆಂದು ತೋಚದೆ
ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.
ತಕ್ಕಡಿಯ ಮುಳ್ಳು ನಡುಗಿತು, ನಡುಗಿತು, ನಿಂತಿತು.
ಇನ್ನೂ ನಾಲ್ಕು ಮೊಳೆ ಹಾಕಬೇಕಾಯಿತು.
ಸಾಹುಕಾರರು ಕನ್ನಡಕದ ಮೇಲಿಂದ ನೋಡಿ
ಮತ್ತೆ ಪೇಪರಿಗೆ ಇಳಿದರು.

ಗೇಟಿನ ಕಡೆ ಇನ್ನೂ ಹೋಗಿಲ್ಲ.
ದಿನಾ ಸುತ್ತು ಹಾಕಿ ಮನೆ ಸೇರುತ್ತೇನೆ.
ಆ ನಲವತ್ತು ರೂಪಾಯಿ
ಜೇಬಿನಲ್ಲಿ ಹಾಗೇ ಇದೆ.