ನಲವತ್ತೈದರ ಮುಳ್ಳು

ಅದ್ಲಿಯಾದಲ್ಲಿ ಮೂರನೇ ಮಹಡಿ. ಆಗಸ್ಟ್.
ಹೊರಗಿನ ಗಾಳಿ ಹಿಂಡಿದರೆ ಒಂದು ಕೊಡ ನೀರು.
ಒಳಗೆ, ಗೋಡೆಯ ಮೇಲೆ, ಗಡಿಯಾರದಂಥದ್ದೊಂದು;
ಅದರ ಮುಳ್ಳು ನಲವತ್ತೈದರಲ್ಲೇ ನಿಲ್ಲಬೇಕು.
ನಿಲ್ಲಿಸುವುದು ನನ್ನ ಕೆಲಸ.

ಈ ತಂಪು ಮನುಷ್ಯರಿಗಲ್ಲ, ಪಿಯಾನೊಗೆ.
ಮರ ತೇವ ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ,
ಸ್ವರ ಹಾದಿ ತಪ್ಪುತ್ತದೆ ಎಂದು
ಮೊದಲ ದಿನ ತಿಳಿಹೇಳಿದ್ದರು ಮೇಡಂ ಅನಾಹಿತ್,
ಮುರುಕು ಹಿಂದಿಯಲ್ಲಿ, ಅರಬ್ಬಿಯಲ್ಲಿ, ಉಳಿದದ್ದು ಕೈಸನ್ನೆಯಲ್ಲಿ.
ಸಿತ್ರಾದ ಕ್ಯಾಂಪಿನಲ್ಲಿ ನಾವು ಕೋಣೆಗೆ ಎಂಟು ಮಂದಿ,
ಒಂದು ಕಿಟಕಿ ಏಸಿ, ಅದಕ್ಕೆ ಮುಳ್ಳೇ ಇಲ್ಲ.
ದೂರಲ್ಲ ಇದು. ಮರವಾಗಿ ಹುಟ್ಟಬೇಕಿತ್ತು ಮಾರಾಯ
ಎಂದು ಸಿಪ್ರಿಯನ್ ನಗುತ್ತಾನೆ, ಅಷ್ಟೆ.

ಮೊದಮೊದಲು ನನಗೆ ಕೇಳಿದ್ದು ಬರೀ ಮೆಟ್ಟಿಲು.
ಯಾರೋ ಹತ್ತುತ್ತಾರೆ, ಇಳಿಯುತ್ತಾರೆ, ಮನೆಯೊಳಗೆ ಬರುವುದಿಲ್ಲ.
ಜಂಟಿವರಸೆಯಲ್ಲೇ ಪಾಠ ಬಿಟ್ಟ ಕಿವಿ ನನ್ನದು,
ಆದರೂ ಶ್ರುತಿಗಾಗಿ ಕಾದೆ;
ಹಿಂದೆ ಯಾರೂ ತಂಬೂರಿ ಹಿಡಿದು ಕೂತಿಲ್ಲ.
ಗಮಕಕ್ಕಾಗಿ ಕಾದೆ; ಒಂದು ಸ್ವರವೂ ಬಳುಕುವುದಿಲ್ಲ.
ಬಡಿದರೆ ಹುಟ್ಟುತ್ತದೆ,
ಹುಟ್ಟಿದ ಗಳಿಗೆಯಿಂದಲೇ ಸಾಯತೊಡಗುತ್ತದೆ,
ನಡುವೆ ಯಾರೂ ಏನೂ ಮಾಡಲಾರರು.
ಇಷ್ಟು ದೊಡ್ಡ ಪೆಟ್ಟಿಗೆ, ಒಂದು ಜಾರಿಗೂ ಗತಿಯಿಲ್ಲ
ಎಂದುಕೊಂಡು ಫಿಲ್ಟರ್ ತೊಳೆದೆ.

ಆಮೇಲೆ ಆ ಸೊನಾಟಾ ಬಂತು.
ಮಕ್ಕಳಿಗೆ ಅದನ್ನು ಕಲಿಸುವುದಿಲ್ಲ ಮೇಡಂ.
ಎಲ್ಲ ಹೋದಮೇಲೆ, ಇಶಾ ಬಾಂಗು ಮುಗಿದಮೇಲೆ, ತಾವೇ ಕೂರುತ್ತಾರೆ.
ಶೂಬರ್ಟ್ ಎಂಬವನದಂತೆ. ಬರೆದ ಎರಡು ತಿಂಗಳಿಗೆ ತೀರಿಕೊಂಡ.
ವಯಸ್ಸು ಮೂವತ್ತೊಂದು. ನನಗಾಗಲೇ ಮೂವತ್ತಮೂರು.

ಬಲಗೈಯಲ್ಲಿ ಹಾಡು, ಅವಸರವೇ ಇಲ್ಲ,
ನಮಾಜು ಮುಗಿಸಿ ಚಪ್ಪಲಿ ಹುಡುಕುವ ಮುದುಕನ ಹಾಗೆ.
ಒಂದು ಸಾಲು ಮುಗಿಯಿತು. ನಿಂತಿತು.
ಆಗ ತೀರ ಕೆಳಗೆ, ಎಡಗೈಯ ಆಚೆತುದಿಯಲ್ಲಿ
ಒಂದು ಗುರುಗುರು.

ಸ್ಟೂಲಿನಿಂದ ಹಾರಿ ಬಾಲ್ಕನಿಯ ಕಂಪ್ರೆಸರಿಗೆ ಓಡಿದೆ.
ಬೇರಿಂಗ್ ಹೋಯಿತು!
ಆ ಸದ್ದು ನನಗೆ ಗೊತ್ತು,
ಹನ್ನೊಂದು ವರ್ಷ ಅದನ್ನು ಕೇಳಿಯೇ ಉಂಡ ಅನ್ನ.
ಕಂಪ್ರೆಸರ್ ತನ್ನ ಪಾಡಿಗೆ ನಡೆಯುತ್ತಿತ್ತು.
ತಿರುಗಿದರೆ ಮೇಡಂ ನಗುತ್ತಿದ್ದರು, ಕೈ ಕೀಲಿಗಳ ಮೇಲೆಯೇ.
"ಬಂದವರೆಲ್ಲ ಹಾಡನ್ನು ಕೇಳುತ್ತಾರೆ.
ನೀನು ಕೆಡುವುದನ್ನು ಮೊದಲು ಕೇಳಿದೆ. ಬಾ."

ಅಂಗೈಯನ್ನು ಮರದ ಮೇಲಿಡಿಸಿ ಮತ್ತೆ ನುಡಿಸಿದರು.
ಎರಡು ಅಕ್ಕಪಕ್ಕದ ಸ್ವರ, ಒಂದನ್ನೊಂದು ನಂಬದೆ,
ನನ್ನ ಮೂಳೆಯೊಳಗೆ.
ಆಮೇಲೆ ಏನೂ ಇಲ್ಲ. ಅಷ್ಟು ಹೊತ್ತು ಏನೂ ಇಲ್ಲ.
ಆಮೇಲೆ ಅದೇ ಹಾಡು, ಅದೇ ಸ್ವರಗಳು,
ಆದರೆ ಅದೇ ಅಲ್ಲ. ಹಾಡುವವನು
ಆ ಸದ್ದನ್ನು ತಾನೂ ಕೇಳಿಸಿಕೊಂಡಿದ್ದಾನೆ,
ಕೇಳಿಸಲಿಲ್ಲವೆಂಬಂತೆ ನಡೆಯುತ್ತಿದ್ದಾನೆ.

ಹೋದ ಶುಕ್ರವಾರ ಫೋನಿನಲ್ಲಿ ಅಕ್ಕ
"ಎಲ್ಲ ಸೌಖ್ಯ" ಎನ್ನುವ ಮೊದಲು
ಒಮ್ಮೆ ಗಂಟಲು ಸರಿಮಾಡಿಕೊಂಡಿದ್ದಳಲ್ಲ.
ನಾನು ದುಡ್ಡಿನ ಲೆಕ್ಕ ಕೇಳುತ್ತಲೇ ಹೋದೆ.

ಗಮಕ ಇಲ್ಲವೆಂದು ಯಾರು ಹೇಳಿದ್ದು?
ಬಳುಕಬೇಕಾದದ್ದು ಸ್ವರವಲ್ಲ ಇಲ್ಲಿ.

ಇಡೀ ಸೊನಾಟಾ ತಿಳಿಯಿತೆಂದರೆ ಸುಳ್ಳು.
ಮೂರನೇ ಭಾಗ ಹಗುರಾಗಿ ಕುಣಿಯುತ್ತದೆ,
ಸಾಯುವವನಿಗೆ ಯಾಕೆ ಬೇಕಿತ್ತು ಇದು
ಎಂದು ಇನ್ನೂ ಗೊತ್ತಾಗಿಲ್ಲ. ಮೇಡಂ ಕೇಳಿದರೆ ಭುಜ ಹಾರಿಸುತ್ತಾರೆ.

ರಾತ್ರಿ ಕ್ಯಾಂಪಿನ ಬಸ್ಸು. ಸಿಗ್ನಲ್ಲಿನಲ್ಲಿ
ಇಂಜಿನ್ ನಡುಗುತ್ತದೆ, ಕಿಟಕಿಯ ಗಾಜು ನಡುಗುತ್ತದೆ,
ಮೊಣಕಾಲ ಮೇಲೆ ನನ್ನ ಎಡಗೈಯ ಎರಡು ಬೆರಳು ಕೂಡ.
ಎಂಥದು ಮಾರಾಯ ಅದು, ಎಂದ ಸಿಪ್ರಿಯನ್.
ಬೇರಿಂಗ್, ಎಂದೆ.