ಷರಾ

ಜಬಲ್ ಅಖ್ದರಿನ ನೆತ್ತಿಯಲ್ಲಿ, ಬೆಳಗಿನ ಆರಕ್ಕೆ,
ಅಳತೆಯ ಕ್ಯಾಲಿಪರ್ ಕೂಡ ಬೆರಳು ಕಚ್ಚುತ್ತದೆ.
ಗಲ್ಫ್ ಅಂದರೆ ಸೆಕೆ ಅಂದುಕೊಂಡು
ಒಂದು ಸ್ವೆಟರೂ ತರದೆ ಬಂದವನು ನಾನು,
ಅಣ್ಣಿಗೇರಿಯ ಫಕೀರೇಶ, ಪ್ರಯೋಗ ತೋಟದ ಅಳತೆಗಾರ.

ಕಾಡು ಬೆಳ್ಳುಳ್ಳಿ. ಅರವತ್ತೆರಡು ಕುಂಡ.
ಒಂದೊಂದು ಒಂದೊಂದು ಕಣಿವೆಯಿಂದ ಬಂದದ್ದು,
ಒಂದೊಂದರ ಕೊರಳಿಗೂ ತಗಡಿನ ಚೀಟಿ.
ಎಲೆ ಎಷ್ಟುದ್ದ, ಚಪ್ಪಟೆಯೋ ಕೊಳವೆಯೋ,
ಹೂದಂಡು ನೆಟ್ಟಗೋ, ಕೊಕ್ಕರೆಯ ಕೊರಳೋ,
ಗಡ್ಡೆಯ ಸಿಪ್ಪೆ ಬಿಳಿಯೋ, ಬದನೆಯ ಬಣ್ಣವೋ,
ಒಳಗೆ ಎಸಳೆಷ್ಟು.
ಕೊನೆಯ ಕಾಲಂ: ಷರಾ.

ಒಂಬತ್ತು, ಹುಲ್ಲಿಗಿಂತ ಸಣಕಲು.
ಇಪ್ಪತ್ತೆಂಟು, ಸೊಕ್ಕಿದ ಹೋರಿ.
ಒಂದೇ ಬಂಡೆಯ ಆಚೆ ಈಚೆ ಕಿತ್ತ
ನಲವತ್ತು, ನಲವತ್ತೊಂದು
ಅಣ್ಣತಮ್ಮ ಅನ್ನುತ್ತದೆ ನಂಬರು;
ಮೈ ನೋಡಿದವರು ನಂಬರು.

"ಇಷ್ಟು ಬೇರೆ ಬೇರೆ ಇರುವುದೇ ಐಶ್ವರ್ಯ, ಫಕೀರ್,"
ಡಾಕ್ಟರ್ ಬದ್ರಿಯಾ ಅನ್ನುತ್ತಾರೆ.
"ಇದರೊಳಗೆ ಹೊಲಕ್ಕೆ ಒಗ್ಗುವುದೊಂದನ್ನು ಹುಡುಕಬೇಕು."
ಒಗ್ಗುವುದು ಅಂದರೆ
ಎಲ್ಲರ ಜೊತೆ ಮೊಳೆಯಬೇಕು, ಎಲ್ಲರ ಜೊತೆ ಒಣಗಬೇಕು,
ಎಳೆದರೆ ಬರಬೇಕು,
ಚೀಲದಲ್ಲಿ ಆರು ತಿಂಗಳು ಸುಮ್ಮನೆ ಬಿದ್ದಿರಬೇಕು.
ನಾನು ನಕ್ಕೆ. ಯಾಕೆಂದು ಅವರು ಕೇಳಲಿಲ್ಲ.
ಮುಂಬಯಿಯಲ್ಲಿ, ವೀಸಾದ ಮೆಡಿಕಲ್ ದಿನ,
ನನ್ನ ಎತ್ತರ, ತೂಕ, ರಕ್ತ, ಎದೆಗೂಡಿನ ನೆರಳು
ಎಲ್ಲ ಬರೆದು ಕೆಳಗೆ ಒತ್ತಿದ ಮೊಹರು: ಫಿಟ್.
ಅಲ್ಲೂ ಒಂದು ಷರಾ ಇತ್ತು. ಖಾಲಿ.

ಹನಿ ನೀರು ಕುಡಿದ ಪಾತಿಯಲ್ಲಿ
ಇಪ್ಪತ್ತೆಂಟು ಎರಡೇ ವರ್ಷಕ್ಕೆ ಇಮ್ಮಡಿ ಆಯಿತು.
ಮಸ್ಕತ್ತಿನಿಂದ ಕಾರು ಬಂತು, ಫೋಟೊ ಆಯಿತು.
ನಾನು ಒಂದೆಸಳು ಜಜ್ಜಿ ಮೂಸಿದೆ:
ಒದ್ದೆ ಕಾಗದ. ಅಷ್ಟೇ.
ನಮ್ಮವ್ವ ಗದಗಿನ ಸಂತೆಯಲ್ಲಿ ಬೆಳ್ಳುಳ್ಳಿ ಮಾರುತ್ತಿದ್ದಳು.
ಸೆರಗಿನ ಗಂಟಿನ ಚಿಲ್ಲರೆಗೂ ಘಾಟು.
ಕೊನೆಯ ಬಸ್ಸಿನ ಕಂಡಕ್ಟರು ಟಿಕೆಟ್ ಹರಿಯುತ್ತ
ನಾಣ್ಯ ಮೂಸಿಯೇ ಹೇಳುತ್ತಿದ್ದ,
"ಶಿವಗಂಗವ್ವ ಹತ್ತ್ಯಾಳ, ರೈಟ್!"

ಮೆಟ್ಟಿಲು ಗದ್ದೆಯ ಮುದುಕಿ ಝುವೈನಾ
ತಪ್ಪಿಸಿಕೊಂಡ ಮೇಕೆ ಹುಡುಕುತ್ತ ಒಳಗೆ ಬಂದವಳು
ಕುಂಡಗಳ ನಡುವೆ ಕೋಲೂರಿ ನಡೆದಳು,
ಮದುವೆ ಮನೆಯಲ್ಲಿ ನೆಂಟರ ಗುರುತು ಹಿಡಿದ ಹಾಗೆ.
"ಇದು ಕೆಮ್ಮಿಗೆ. ಇದು ರೊಟ್ಟಿಗೆ.
ಇದು ಬಾಣಂತಿಗೆ, ಮೂರೇ ಎಲೆ, ಹೆಚ್ಚಲ್ಲ.
ಇದು..." ಇಪ್ಪತ್ತೆಂಟರ ಮುಂದೆ ನಿಂತು
ಮೇಕೆಯ ಕಡೆ ನೋಡಿದಳು. ಮೇಕೆಯೂ ಮುಖ ತಿರುಗಿಸಿತು.
"ನೀವು ನೆಡುತ್ತಿದ್ದಿರಾ?" ಅಂದೆ, ನನ್ನ ಅರೆಬರೆ ಅರಬಿಯಲ್ಲಿ.
"ನೆಡುವುದಕ್ಕೆ ಇದೇನು ಗೋರಿಯ ಕಲ್ಲೇ?
ಮಳೆ ಬಂದರೆ ಬರುತ್ತದೆ,
ಇಲ್ಲದಿದ್ದರೆ ತನ್ನ ಮನೆಯಲ್ಲಿರುತ್ತದೆ."

ಹದಿನೇಳು ಮಾತ್ರ ಮೂರು ಹಂಗಾಮು ಏಳಲೇ ಇಲ್ಲ.
ಸತ್ತಿದೆ, ಕುಂಡ ಖಾಲಿ ಮಾಡು ಅಂದರು.
ಮಾಡಿದೆ. ಗೋದಾಮಿನ ಹಿಂದೆ,
ಫಲಜ್ ಕಾಲುವೆ ಸೋರುವ ಕಲ್ಲುಗುಪ್ಪೆಯ ಮೇಲೆ.
ಫೆಬ್ರವರಿಯ ಆಲಿಕಲ್ಲು ಬಿದ್ದು ವಾರವಾಗಿತ್ತು,
ಅಡುಗೆಯ ಬೀರಾನ್ ಕಿಟಕಿಯಿಂದ ಕೂಗಿದ:
"ಯಾರೋ ಅದು, ನಾನಿಲ್ಲದೆ ಒಗ್ಗರಣೆ ಹಾಕಿದ್ದು?"
ಯಾರೂ ಅಲ್ಲ. ಮೇಕೆ ತುಳಿದಿತ್ತು,
ಸೊಟ್ಟ, ನೇರಳೆ, ಗೇಣುದ್ದದ ಹದಿನೇಳನ್ನು.
ಎರಡು ದಿನ ನನ್ನ ಬೆರಳಲ್ಲೇ ಇತ್ತು.

ನಾನು ಅಳೆಯಲಿಲ್ಲ.
ಉದ್ದ, ಅಗಲ, ಎಸಳು, ಎಲ್ಲಕ್ಕೂ ಗೀಟು ಎಳೆದು
ಷರಾದಲ್ಲಿ ಕನ್ನಡದಲ್ಲಿ ಬರೆದೆ:
ಕರೆದಾಗ ಬರಲಿಲ್ಲ. ಬಂದಾಗ ಯಾರೂ ಕರೆದಿರಲಿಲ್ಲ.

ತಿಂಗಳ ಕೊನೆಗೆ ಪುಟ ತಿರುಗಿಸುತ್ತ ಡಾಕ್ಟರ್ ಬದ್ರಿಯಾ
ಆ ದುಂಡು ದುಂಡು ಅಕ್ಷರಗಳ ಮೇಲೆ ಬೆರಳಿಟ್ಟು
ಕನ್ನಡಕ ಏರಿಸಿದರು.
"ಗಡ್ಡೆಗಳ ಚಿತ್ರವೇ?"
ಹೌದು, ಅಂದೆ.